ಪೊಟರೆಯ ಹಾಲಕ್ಕಿಯನ್ನು ಎಷ್ಟು ದೂರದಿಂದ ನೋಡಬೇಕು, ಹೇಗೆ ಚಿತ್ರಿಸಬೇಕು?

ಸಂಜೆಗಣ್ಣು (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಹಗಲಿನ ಹಕ್ಕಿಗಳ ಚಿತ್ರಗಳನ್ನು ಆರು ವರ್ಷಗಳಿಂದ ತೆಗೆಯುತ್ತಿದ್ದೇನೆ. ಗೂಬೆಗಳನ್ನು ಮಾತ್ರ ಈಚೆಗಷ್ಟೇ ಗಮನಿಸತೊಡಗಿದ್ದೇನೆ. ಹೊಲದ ಅಂಚಿನ ಹಳೆಯ ಮರವೊಂದರಲ್ಲಿ, ಎರಡಾಳೆತ್ತರದ ಪೊಟರೆಯಲ್ಲಿ, ಹಾಲಕ್ಕಿ ಎಂಬ ಪುಟ್ಟ ಗೂಬೆಗಳ ಒಂದು ಜೋಡಿ ನೆಲೆಸಿದೆ. ಮೊದಲ ಸಂಜೆ ಸುಮಾರು 40 ಹೆಜ್ಜೆ ದೂರದಲ್ಲಿ ನಿಂತು ನೋಡಿದಾಗ ಅವು ಪೊಟರೆಯ ಬಾಯಲ್ಲಿ ಮೈಗೆ ಮೈ ತಾಗಿಸಿ ಕುಳಿತು, ಒಂದರ ಕತ್ತಿನ ಗರಿಗಳನ್ನು ಇನ್ನೊಂದು ಕೊಕ್ಕಿನಿಂದ ನೇವರಿಸುತ್ತಿದ್ದವು. ಆ ನೋಟವನ್ನು ಹತ್ತಿರದಿಂದ ಹಿಡಿಯಬೇಕೆಂಬ ಆಸೆಯಿಂದ ದಿನಕ್ಕಿಷ್ಟು ಎಂಬಂತೆ ಮುಂದೆ ಸರಿಯುತ್ತಾ, ಮೂರನೆಯ ವಾರದ ಹೊತ್ತಿಗೆ 12 ಹೆಜ್ಜೆಗಳಷ್ಟು ಸಮೀಪಕ್ಕೆ ಹೋದೆ.

ಈಗ ನನ್ನ ಬಳಿ ಗರಿಗರಿಯೂ ಎಣಿಸುವಷ್ಟು ಸ್ಪಷ್ಟವಾದ ಚಿತ್ರಗಳಿವೆ. ಆದರೆ ಅವುಗಳಲ್ಲಿ ಒಂದರಲ್ಲೂ ಮೊದಲ ದಿನ ಕಂಡ ನೋಟವಿಲ್ಲ. ಎಲ್ಲದರಲ್ಲೂ ಹಕ್ಕಿ ಕಣ್ಣನ್ನು ಪೂರ್ತಿ ಅರಳಿಸಿ ಲೆನ್ಸನ್ನೇ ದಿಟ್ಟಿಸುತ್ತಿದೆ, ಇಲ್ಲವೇ ಮೈಗರಿಗಳನ್ನು ಒತ್ತಿಕೊಂಡು ಸಪೂರವಾಗಿ ನಿಂತಿದೆ. ಸೂರ್ಯ ಮುಳುಗುವ ಮೊದಲೇ ಹೊರಬರುತ್ತಿದ್ದ ಜೋಡಿ ಕಳೆದ ಎರಡು ಸಂಜೆಗಳಲ್ಲಿ ಪೂರ್ತಿ ಕತ್ತಲಾಗುವವರೆಗೂ ಹೊರಗೆ ಇಣುಕಲಿಲ್ಲ. ಪರಿಚಿತರೊಬ್ಬರು ಮೊಬೈಲಿನಲ್ಲಿ ಹಾಲಕ್ಕಿಯ ಕೂಗನ್ನು ಹಾಕಿ ಹೊರಗೆ ಕರೆಯಿರಿ, ಕತ್ತಲಾದರೆ ಫ್ಲ್ಯಾಶ್ ಬಳಸಿರಿ ಎಂದು ಸಲಹೆ ಕೊಟ್ಟರು. ಹಾಗೆ ಮಾಡಲು ಮನಸ್ಸು ಒಪ್ಪದೆ ಇಲ್ಲಿ ಕೇಳುತ್ತಿದ್ದೇನೆ.

ಸರಿಯಾದ ದೂರ ಎಷ್ಟು? ಕೂಗು ಕೇಳಿಸುವುದು, ಫ್ಲ್ಯಾಶ್ ಹಾಕುವುದು ಸರಿಯೇ? ನನ್ನಲ್ಲಿರುವುದು 400 ಮಿ.ಮೀ., ಎಫ್ 5.6 ಲೆನ್ಸ್. ಕೈಯಲ್ಲೇ ಹಿಡಿದು ಸೆಕೆಂಡಿನ 1/500 ಶಟರ್ ವೇಗದಲ್ಲಿ ತೆಗೆಯುತ್ತೇನೆ. ಮುಸ್ಸಂಜೆಯ ಚಿತ್ರಗಳೆಲ್ಲ ಕಪ್ಪಾಗಿ, ಕಾಳುಕಾಳಾಗಿ ಬರುತ್ತಿವೆ. ತಿಳಿದವರು ದಯವಿಟ್ಟು ವಿವರಿಸಬೇಕು.

ಒಣಕೊಂಬೆ:

ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ನೀವು ಬರೆದ ಸಾಲುಗಳಲ್ಲಿಯೇ ಇದೆ. 40 ಹೆಜ್ಜೆಯಲ್ಲಿ ಅವು ಪರಸ್ಪರ ಗರಿ ನೇವರಿಸುತ್ತಿದ್ದವು. 12 ಹೆಜ್ಜೆಯಲ್ಲಿ ನಿಮ್ಮನ್ನು ಕಾಯುತ್ತಿವೆ. ಎಲ್ಲ ಗೂಬೆಗಳಿಗೂ ಒಪ್ಪುವಂಥ ಮೀಟರುಗಳ ಲೆಕ್ಕ ಯಾವುದೂ ಇಲ್ಲ. ಆ ಹಕ್ಕಿ ನಾವು ಬಂದ ಮೇಲೂ ತಾನು ಮಾಡುತ್ತಿದ್ದುದನ್ನು ಮುಂದುವರಿಸಿದರೆ ಅದೇ ಸರಿಯಾದ ದೂರ.

ಅರ್ಧ ಮುಚ್ಚಿದ ಕಣ್ಣು, ಸಡಿಲವಾಗಿ ಉಬ್ಬಿದ ಗರಿಗಳು, ಒಂದೇ ಬದಿಯ ರೆಕ್ಕೆ ಮತ್ತು ಕಾಲನ್ನು ಒಟ್ಟಿಗೆ ಚಾಚಿ ಮೈಮುರಿಯುವುದು, ಜೀರ್ಣವಾಗದ ಮೂಳೆ ಮತ್ತು ತುಪ್ಪಳವನ್ನು ಉಂಡೆಯಾಗಿ ಬಾಯಿಂದ ಹೊರಹಾಕುವುದು, ಇವೆಲ್ಲ ಹಕ್ಕಿ ನಿರಾಳವಾಗಿರುವಾಗ ಕಾಣುವಂಥವು. ಕಣ್ಣು ಪೂರ್ತಿ ತೆರೆದು ಒಂದೇ ಕಡೆ ನೆಟ್ಟಿದ್ದರೆ, ತಲೆಯನ್ನು ಮೇಲೆ ಕೆಳಗೆ, ಅತ್ತ ಇತ್ತ ಆಡಿಸುತ್ತಿದ್ದರೆ, ಅದು ನಿಮ್ಮ ದೂರವನ್ನು ಅಳೆಯುತ್ತಿದೆ ಎಂದು ತಿಳಿಯಬೇಕು. ಮೈಗರಿಗಳನ್ನು ಒತ್ತಿಕೊಂಡು ಒಣಗಿದ ತುಂಡಿನಂತೆ ನೆಟ್ಟಗಾಗುವುದು ಅಡಗುವ ಭಂಗಿ. ಕಿವಿಯಂತೆ ನಿಮಿರುವ ಗರಿಗುಚ್ಛಗಳಿರುವ ಚಿಟ್ಟುಗೂಬೆಗಳಲ್ಲಿ ಇದು ಇನ್ನೂ ಎದ್ದು ಕಾಣುತ್ತದೆ. ಆ ಭಂಗಿ ಚಿತ್ರದಲ್ಲಿ ಬಹಳ ಚೆನ್ನಾಗಿ ಕಾಣುವುದರಿಂದಲೇ ಅದನ್ನು ಭಯದ ಗುರುತೆಂದು ಓದಲು ನಾವು ಮರೆಯುತ್ತೇವೆ. ಕೊಕ್ಕನ್ನು ಟಕಟಕನೆ ಬಡಿಯುವುದು, ರೆಕ್ಕೆಯನ್ನು ಬೀಸಣಿಗೆಯಂತೆ ಹರಡಿ ಮೈ ದೊಡ್ಡದು ಮಾಡಿಕೊಳ್ಳುವುದು ನೇರವಾದ ಎಚ್ಚರಿಕೆ. ಹಗಲು ಹೊತ್ತಿನಲ್ಲಿ ಅದು ಎದ್ದು ಹಾರಿಹೋಯಿತೆಂದರೆ ಕಾಗೆ, ಕಾಜಾಣಗಳ ಕೈಗೆ ನಾವೇ ಅದನ್ನು ಒಪ್ಪಿಸಿದಂತೆ.

ಗೂಬೆಯ ಕಣ್ಣು ನಮ್ಮ ಕಣ್ಣಿನಂತೆ ಗುಂಡಗಿಲ್ಲ. ಕೊಳವೆಯಂತೆ ನೀಳವಾಗಿದ್ದು, ಮೂಳೆಯ ಬಳೆಯೊಂದರಲ್ಲಿ ಬಿಗಿಯಾಗಿ ಕುಳಿತಿದೆ. ಗುಡ್ಡೆಯನ್ನು ಹೊರಳಿಸಲು ಆಗದ ಕಾರಣ ಎಲ್ಲಿ ನೋಡಬೇಕಾದರೂ ತಲೆಯನ್ನೇ ತಿರುಗಿಸಬೇಕು. ನಮ್ಮ ಕತ್ತಿನಲ್ಲಿ 7 ಮೂಳೆಗಳಿದ್ದರೆ ಅದರ ಕತ್ತಿನಲ್ಲಿ 14 ಇವೆ, ತಲೆ ಸುಮಾರು 270 ಡಿಗ್ರಿಯವರೆಗೆ ತಿರುಗುತ್ತದೆ. ಆದ್ದರಿಂದ ಅದು ನಿಮ್ಮನ್ನು ನೋಡುತ್ತಿರುವಷ್ಟು ಹೊತ್ತೂ ಹೊಲದ ಕಡೆ ನೋಡುತ್ತಿಲ್ಲ. ಕಿವಿಯ ವಿಷಯವೂ ಇಷ್ಟೇ ಮುಖ್ಯ. ಕಣಜ ಗೂಬೆಯ (ಬಾರ್ನ್ ಔಲ್) ಎರಡು ಕಿವಿಗಳು ಒಂದೇ ಮಟ್ಟದಲ್ಲಿಲ್ಲ, ಒಂದು ತುಸು ಮೇಲೆ, ಇನ್ನೊಂದು ತುಸು ಕೆಳಗೆ ಇವೆ. ಸದ್ದು ಎಷ್ಟು ಎತ್ತರದಿಂದ ಬಂತೆಂಬುದನ್ನೂ ಅದು ಹೀಗೆ ಗುರುತಿಸುತ್ತದೆ. ರೋಜರ್ ಪೇನ್ ಎಂಬ ಅಮೆರಿಕದ ಜೀವವಿಜ್ಞಾನಿ ಒಣ ಎಲೆ ಹರಡಿದ, ಬೆಳಕಿನ ಸುಳಿವೇ ಇಲ್ಲದ ಕೋಣೆಯಲ್ಲಿ ಪ್ರಯೋಗ ನಡೆಸಿ, ಎಲೆಯ ಸರಸರ ಸದ್ದಿನಿಂದಲೇ ಅದು ಇಲಿಯನ್ನು ಹಿಡಿಯಬಲ್ಲದೆಂದು ತೋರಿಸಿದರು. ಹಾಲಕ್ಕಿಯ ಕಿವಿ ಅಷ್ಟು ವಿಶೇಷವಾದುದಲ್ಲ. ಆದರೂ ತರಗೆಲೆಯ ಮೇಲಿನ ನಮ್ಮ ಹೆಜ್ಜೆ, ಶಟರಿನ ಸದ್ದು ಅದಕ್ಕೆ ಚಿಕ್ಕ ಸಂಗತಿಗಳೆಂದು ಎಣಿಸಬೇಡಿ.

ಎರಡು ಸಂಜೆ ತಡವಾಗಿ ಹೊರಬಂದದ್ದನ್ನು ನಾನು ಎಲ್ಲಕ್ಕಿಂತ ಗಂಭೀರವಾಗಿ ಪರಿಗಣಿಸುತ್ತೇನೆ. ಮುಸ್ಸಂಜೆಯ ಆ ಅರ್ಧ ಗಂಟೆ ಅವುಗಳಿಗೆ ಹೊಟ್ಟೆಪಾಡಿನ ಹೊತ್ತು. ಒಂದು ವಾರ ಆ ಕಡೆ ಹೋಗಬೇಡಿ. ಆಮೇಲೆ ಸೂರ್ಯಾಸ್ತಕ್ಕೆ ಅರ್ಧ ಗಂಟೆ ಮೊದಲೇ ಹೋಗಿ, ಹಳೆಯ 40 ಹೆಜ್ಜೆಯ ಜಾಗದಲ್ಲಿ, ಬೆನ್ನಿಗೆ ಪೊದೆಯೋ ಮರದ ಕಾಂಡವೋ ಇರುವಂತೆ ಕುಳಿತುಕೊಳ್ಳಿ. ನಿಂತ ಮನುಷ್ಯನಿಗಿಂತ ಕುಳಿತವನನ್ನು ಹಕ್ಕಿಗಳು ಬೇಗ ಸಹಿಸಿಕೊಳ್ಳುತ್ತವೆ. ಪೊಟರೆಯಿಂದ ಹೊಲಕ್ಕೆ ಅವು ಹಾರುವ ದಾರಿಗೆ ಅಡ್ಡ ಬರಬೇಡಿ. ಎರಡೂ ಬೇಟೆಗೆ ಹೋದ ಮೇಲೆಯೇ ಎದ್ದು ಹೊರಡಿ. ಮೊದಲ ಎರಡು ಮೂರು ಸಂಜೆ ಕ್ಯಾಮೆರಾ ತೆಗೆದುಕೊಂಡು ಹೋಗದಿದ್ದರೆ ಇನ್ನೂ ಒಳ್ಳೆಯದು; ಹಾಲಕ್ಕಿ ದಿನವೂ ಯಾವ ಕೊಂಬೆಗೆ ಮೊದಲು ಹಾರುತ್ತದೆ ಎಂಬುದು ನಿಮಗೆ ತಿಳಿಯುವುದು ಆಗಲೇ.

ಮಂದಬೆಳಕು:

ಒಣಕೊಂಬೆಯವರು ಹೇಳಿದ ದೂರವನ್ನೇ ಇಟ್ಟುಕೊಂಡು ಕ್ಯಾಮೆರಾದ ಲೆಕ್ಕವನ್ನು ನೋಡೋಣ. 40 ಹೆಜ್ಜೆ ಎಂದರೆ ಹೆಚ್ಚುಕಡಿಮೆ 28 ಮೀಟರ್. ಹಾಲಕ್ಕಿಯ ಉದ್ದ ಸುಮಾರು 21 ಸೆಂ.ಮೀ. ನಿಮ್ಮ 400 ಮಿ.ಮೀ. ಲೆನ್ಸಿನಲ್ಲಿ ಅದರ ಬಿಂಬ ಸೆನ್ಸರಿನ ಮೇಲೆ ಸುಮಾರು 3 ಮಿ.ಮೀ. ಎತ್ತರವಿರುತ್ತದೆ, ಫುಲ್‌ಫ್ರೇಮ್ ಸೆನ್ಸರಿನ ಎತ್ತರ 24 ಮಿ.ಮೀ., ಅಂದರೆ ಚಿತ್ರದ ಎಂಟನೆಯ ಒಂದು ಭಾಗ. ಅಷ್ಟೇನಾ ಎಂದು ಬೇಸರಪಡಬೇಡಿ. ಇದನ್ನು ಹಕ್ಕಿಯ ಭಾವಚಿತ್ರವೆಂದು ತೆಗೆಯದೆ, ಪೊಟರೆ, ಸುಕ್ಕುಗಟ್ಟಿದ ತೊಗಟೆ, ಆಚೆಯ ಸಂಜೆಯ ಬಾನು ಎಲ್ಲವೂ ಸೇರಿದ ಚಿತ್ರವಾಗಿ ತೆಗೆಯಿರಿ. ಗೂಬೆ ಎಲ್ಲಿ, ಹೇಗೆ ಬದುಕುತ್ತದೆಂಬುದನ್ನು ಹೇಳುವ ಚಿತ್ರಗಳು ನಿಜಕ್ಕೂ ಕಡಿಮೆ. ಮುಖವನ್ನಷ್ಟೇ ತುಂಬಿಸಿದ ಚಿತ್ರಗಳು ಬೇಕಾದಷ್ಟಿವೆ.

1/500 ವೇಗ ಕೊಂಬೆಯಿಂದ ಕೊಂಬೆಗೆ ಜಿಗಿಯುವ ಹಗಲಿನ ಹಕ್ಕಿಗೆ ತಕ್ಕದ್ದು. ಕುಳಿತ ಗೂಬೆ ನಿಮಿಷಗಟ್ಟಲೆ ಅಲುಗದೆ ಇರುತ್ತದೆ. ಗಟ್ಟಿಯಾದ ಟ್ರೈಪಾಡಿನ ಮೇಲೆ 1/60ಕ್ಕೆ ಇಳಿದರೆ ಎಂಟು ಪಟ್ಟು, 1/30ಕ್ಕೆ ಇಳಿದರೆ ಹದಿನಾರು ಪಟ್ಟು ಬೆಳಕು ಸಿಗುತ್ತದೆ. ಅಂದರೆ ಸೆನ್ಸರಿನ ಬೆಳಕಿನ ಸಂವೇದನೆ 6400 ಐಎಸ್‌ಒ ಬೇಕಾಗಿದ್ದ ಕಡೆ 1/60ರಲ್ಲಿ 800 ಸಾಕು. ನಿಮ್ಮ ಚಿತ್ರದ ಕಾಳುಗಳ ಬಹುಪಾಲು ಅಲ್ಲಿಯೇ ಮಾಯವಾಗುತ್ತದೆ. ಶಟರನ್ನು ಬೆರಳಿನಿಂದ ಒತ್ತದೆ ರಿಮೋಟನ್ನೋ ಎರಡು ಸೆಕೆಂಡಿನ ಟೈಮರನ್ನೋ ಬಳಸಿ. ನಾಲ್ಕೈದು ಚಿತ್ರಗಳನ್ನು ಒಟ್ಟಿಗೆ ತೆಗೆದರೆ ಒಂದಾದರೂ ಅಲುಗದೆ ಬರುತ್ತದೆ. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಇದ್ದರೆ ಕುಳಿತ ಹಕ್ಕಿಗೆ ಅದೇ ಸರಿ. ಹಾರುವಾಗ ಮಾತ್ರ ಕೆಲವು ಕ್ಯಾಮೆರಾಗಳಲ್ಲಿ ಅದು ರೆಕ್ಕೆಯನ್ನು ಸೊಟ್ಟಗೆ ತೋರಿಸುತ್ತದೆ. ಹಾರಾಟಕ್ಕೆ 1/1000ಕ್ಕಿಂತ ಹೆಚ್ಚಿನ ವೇಗ ಬೇಕಾಗುವುದರಿಂದ ಅದನ್ನು ಸೂರ್ಯ ಮುಳುಗುವ ಮುಂಚಿನ ಬೆಳಕಿಗೇ ಬಿಟ್ಟುಬಿಡಿ.

ಕ್ಯಾಮೆರಾದ ಬೆಳಕಿನ ಮಾಪಕವನ್ನು ಕಣ್ಣುಮುಚ್ಚಿ ನಂಬಬಾರದು. ಕಪ್ಪು ಪೊಟರೆಯ ಮುಂದೆ ಕುಳಿತ ಬಿಳಿ ಮುಖದ ಕಣಜ ಗೂಬೆಯನ್ನು ಅದು ಸುಣ್ಣದಂತೆ ಬೆಳ್ಳಗೆ ಮಾಡುತ್ತದೆ, ಅಲ್ಲಿ ಒಂದು ಸ್ಟಾಪ್ ಇಳಿಸಬೇಕು, ಅಂದರೆ ಬೆಳಕನ್ನು ಅರ್ಧಕ್ಕೆ ತಗ್ಗಿಸಬೇಕು. ಬಾನಿನ ಎದುರು ಕುಳಿತ ಕಂದು ಹಾಲಕ್ಕಿಗೆ ಒಂದು ಸ್ಟಾಪ್ ಏರಿಸಬೇಕು. ರಾ ರೂಪದಲ್ಲಿ (ಕ್ಯಾಮೆರಾ ಸಂಸ್ಕರಿಸದ ಮೂಲ ಫೈಲಾಗಿ) ಉಳಿಸಿಕೊಂಡರೆ ಮುಂದೆ ತಿದ್ದಲು ಅವಕಾಶವಿರುತ್ತದೆ.

ಫ್ಲ್ಯಾಶ್ ಬೇಡ. ಗೂಬೆಯ ಅಕ್ಷಿಪಟಲದಲ್ಲಿ ಮಂದ ಬೆಳಕಿಗೆ ಸ್ಪಂದಿಸುವ ರಾಡ್ ಕೋಶಗಳು ದಟ್ಟವಾಗಿವೆ. ಬಲವಾದ ಬೆಳಕು ಬಿದ್ದರೆ ಆ ಕೋಶಗಳಲ್ಲಿನ ವರ್ಣದ್ರವ್ಯ ಬಿಳಿಚಿಕೊಂಡು, ಮತ್ತೆ ತುಂಬಿಕೊಳ್ಳಲು ಸಮಯ ಹಿಡಿಯುತ್ತದೆ. ನಮ್ಮ ಕಣ್ಣೇ ಕತ್ತಲಿಗೆ ಪೂರ್ತಿ ಹೊಂದಿಕೊಳ್ಳಲು ಅರ್ಧ ಗಂಟೆಯವರೆಗೆ ಬೇಕಾಗುತ್ತದೆ. ಕೊಂಬೆಗಳ ನಡುವೆ ನುಸುಳಿ ಹಾರಬೇಕಾದ ಹಕ್ಕಿಯ ಕಣ್ಣನ್ನು ಒಂದು ಕ್ಷಣ ಮಂಕಾಗಿಸುವುದಕ್ಕೂ ನಮಗೆ ಹಕ್ಕಿಲ್ಲವೆಂದು ನಾನು ನಂಬುತ್ತೇನೆ. ಫೋಕಸ್‌ಗೆ ನೆರವಾಗಲು ಕ್ಯಾಮೆರಾ ತಾನಾಗಿಯೇ ಬೆಳಗಿಸುವ ಪುಟ್ಟ ದೀಪವನ್ನೂ ಆರಿಸಿ; ಹಿಂಬದಿಯ ಪರದೆಯ ಪ್ರಕಾಶವನ್ನು ತಗ್ಗಿಸಿ.

ಇನ್ನೊಂದು ಮಾತು, ಇದು ಬರಿಯ ನೋಟಕ್ಕೆ ಸಂಬಂಧಿಸಿದ್ದು. ಮುಸ್ಸಂಜೆಗೆ ದುರ್ಬೀನು ಆರಿಸುವಾಗ ಗಾಜಿನ ವ್ಯಾಸವನ್ನು ವರ್ಧನೆಯಿಂದ ಭಾಗಿಸಿ ನೋಡಿ. 10x25ರಲ್ಲಿ 2.5 ಮಿ.ಮೀ., 8x42ರಲ್ಲಿ 5.25 ಮಿ.ಮೀ., 7x50ರಲ್ಲಿ 7 ಮಿ.ಮೀ.ಗೆ ತುಸು ಹೆಚ್ಚು ಅಗಲದ ಬೆಳಕಿನ ಕಂಬ ಕಣ್ಣಿಗೆ ತಲುಪುತ್ತದೆ. ಕ್ಯಾಮೆರಾ ಸೋತ ಮೇಲೂ ಒಳ್ಳೆಯ ದುರ್ಬೀನಿನಲ್ಲಿ ಹತ್ತು ನಿಮಿಷ ಹೆಚ್ಚಾಗಿ ನೋಡಬಹುದು, ಆ ಹತ್ತು ನಿಮಿಷಗಳೇ ಬಹಳ ಸಲ ಸಂಜೆಯ ಅತ್ಯುತ್ತಮ ಭಾಗ.

ಇರುಳೆಣಿಕೆ:

ಕೂಗು ಕೇಳಿಸುವ ಬಗ್ಗೆ ಯಾರೂ ಇನ್ನೂ ಹೇಳಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ರಾತ್ರಿಯ ಗೂಬೆ ಗಣತಿಗಳಲ್ಲಿ ಧ್ವನಿಮುದ್ರಿತ ಕೂಗನ್ನು ಬಳಸುವುದುಂಟು. ನಾನೂ ಅಂಥ ಕೆಲಸದಲ್ಲಿ ತೊಡಗಿದ್ದೇನೆ. ಆದರೆ ಅಲ್ಲಿ ಕೂಗನ್ನು ಎಷ್ಟು ಹೊತ್ತು ಕೇಳಿಸಬೇಕು, ಆಮೇಲೆ ಎಷ್ಟು ಹೊತ್ತು ಮೌನವಾಗಿ ಕಿವಿಗೊಡಬೇಕು ಎಂಬುದೆಲ್ಲ ಮೊದಲೇ ಗೊತ್ತಾಗಿರುತ್ತದೆ. ಉತ್ತರ ಬಂದೊಡನೆ ನಿಲ್ಲಿಸಿ ಮುಂದಿನ ಜಾಗಕ್ಕೆ ಹೊರಡುತ್ತೇವೆ. ಚಿತ್ರಕ್ಕಾಗಿ ಒಂದೇ ಜೋಡಿಗೆ ಸಂಜೆ ಸಂಜೆಯೂ ಕೂಗು ಕೇಳಿಸುವುದಕ್ಕೂ ಇದಕ್ಕೂ ಹೋಲಿಕೆಯಿಲ್ಲ. ತನ್ನ ನೆಲೆಯೊಳಗಿನಿಂದ ಬಂದ ಅಪರಿಚಿತ ಕೂಗು ಗೂಬೆಯ ಪಾಲಿಗೆ ಅತಿಕ್ರಮಣ. ಗಂಡು ಬೇಟೆಯನ್ನು ಬಿಟ್ಟು ಎದುರಾಳಿಯನ್ನು ಹುಡುಕುತ್ತದೆ, ಹೆಣ್ಣು ಮೊಟ್ಟೆಯ ಮೇಲಿಂದ ಏಳಬಹುದು. ದೊಡ್ಡ ಕೊಂಬಿನ ಗೂಬೆಗಳು ಚಿಕ್ಕ ಗೂಬೆಗಳನ್ನು ಹಿಡಿದು ತಿನ್ನುತ್ತವೆ. ಹೀಗಿರುವಾಗ ಹಾಲಕ್ಕಿಯನ್ನು ಬಯಲಿಗೆ ಕರೆದು ಕೂಗಿಸುವುದೆಂದರೆ ಅದರ ಇರವನ್ನು ಎಲ್ಲರಿಗೂ ಸಾರಿದಂತೆ. ನಿಮ್ಮ ಜೋಡಿ ಇರುವ ಜಾಗ ಈಗಾಗಲೇ ಗೊತ್ತಿದೆ, ಕರೆದು ತಿಳಿಯಬೇಕಾದದ್ದು ಏನೂ ಇಲ್ಲ.

ಕೂಗು ಹಾಕುವ ಬದಲು ಅವುಗಳ ಕೂಗನ್ನು ಕೇಳಿಸಿಕೊಳ್ಳಿ. ಗಾಳಿ, ಮಳೆ ಇಲ್ಲದ ಸಂಜೆಗಳಲ್ಲಿ ಮೊದಲ ಕೂಗಿನ ಹೊತ್ತು, ಕೂಗಿದ ದಿಕ್ಕು, ಉತ್ತರ ಬಂತೇ ಎಂಬುದನ್ನು ಬರೆದಿಡಿ. ಇಂಥ ಟಿಪ್ಪಣಿಗಳ ಬೆಲೆ ಏನೆಂಬುದಕ್ಕೆ ಮತ್ತೊಂದು ಪ್ರಭೇದವಾದ ಕಾಡು ಹಾಲಕ್ಕಿಯ ಕಥೆಯನ್ನು ನೆನೆಯುತ್ತೇನೆ. 1884ರ ಬಳಿಕ ಅದರ ನಂಬಲರ್ಹ ದಾಖಲೆಯೇ ಇರಲಿಲ್ಲ. 1914ರಲ್ಲಿ ಸಂಗ್ರಹಿಸಿದ್ದೆಂದು ಬ್ರಿಟಿಷ್ ಸೇನಾಧಿಕಾರಿ, ಪಕ್ಷಿ ಸಂಗ್ರಾಹಕ ರಿಚರ್ಡ್ ಮೈನರ್ಟ್ಸ್‌ಹ್ಯಾಗನ್ ಹೇಳಿಕೊಂಡಿದ್ದ ಮಾದರಿ, ವಾಸ್ತವದಲ್ಲಿ ಸಂಗ್ರಹಾಲಯದಿಂದ ಕದ್ದು ಬೇರೆ ಚೀಟಿ ಅಂಟಿಸಿದ ಹಳೆಯ ಮಾದರಿಯಾಗಿತ್ತು; ಆ ಸುಳ್ಳು ಸ್ಥಳವನ್ನು ನಂಬಿ ಹುಡುಕಿದವರಿಗೆ ಹಕ್ಕಿ ಸಿಗಲಿಲ್ಲ. ಅಮೆರಿಕದ ಪಕ್ಷಿವಿಜ್ಞಾನಿ ಪಮೇಲಾ ರಾಸ್ಮುಸೆನ್ ಆ ಮೋಸವನ್ನು ಬಯಲು ಮಾಡಿ, ಸಂಗಡಿಗರೊಂದಿಗೆ ಹಳೆಯ ನಿಜವಾದ ದಾಖಲೆಗಳ ಜಾಡು ಹಿಡಿದು ಹೊರಟಾಗ, 1997ರ ನವೆಂಬರಿನಲ್ಲಿ ಮಹಾರಾಷ್ಟ್ರದ ಶಹಾದಾ ಸಮೀಪದ ಕಾಡಿನಲ್ಲಿ ಅದು ಮತ್ತೆ ಕಾಣಿಸಿತು. 113 ವರ್ಷಗಳ ನಂತರ! ದಿನಾಂಕ, ಜಾಗ, ಕಂಡದ್ದು ಕಂಡಂತೆ, ಇಷ್ಟನ್ನು ಬರೆದಿಟ್ಟವರಿಂದ ಇದು ಸಾಧ್ಯವಾಯಿತು.

ಒಣಕೊಂಬೆಯವರ ಒಂದು ಮಾತಿಗೆ ಮಾತ್ರ ತಿದ್ದುಪಡಿ ಸೂಚಿಸುತ್ತೇನೆ. ಇದು ಗೂಡಿನ ಕಾಲವಾಗಿದ್ದರೆ ಒಂದು ವಾರ ಸಾಲದು. ಒಂದು ವಾರದ ನಂತರವೂ ಅವು ತಡವಾಗಿಯೇ ಹೊರಬಂದರೆ 40 ಹೆಜ್ಜೆಯನ್ನು 60 ಮಾಡಿ.

ಒಣಕೊಂಬೆ:

ಇರುಳೆಣಿಕೆಯವರ ತಿದ್ದುಪಡಿಯನ್ನು ಪೂರ್ಣವಾಗಿ ಒಪ್ಪುತ್ತೇನೆ. ಗೂಡಿನ ಕಾಲದ ಸಾಧ್ಯತೆಯನ್ನು ನಾನು ಗಮನಕ್ಕೆ ತಂದುಕೊಳ್ಳಬೇಕಾಗಿತ್ತು.

ಹಳೆಮರ:

ಗೂಡಿನ ಮಾತು ಬಂದದ್ದರಿಂದ ಎರಡು ಮೂರು ವಿಷಯಗಳನ್ನು ಸೇರಿಸಬಯಸುತ್ತೇನೆ. ಬ್ರಿಟನ್ನಿನ ಪಕ್ಷಿ ಛಾಯಾಗ್ರಾಹಕ ಎರಿಕ್ ಹಾಸ್ಕಿಂಗ್ 1937ರಲ್ಲಿ ಟಾನಿ ಗೂಬೆಯ ಗೂಡಿನ ಬಳಿ ಚಿತ್ರ ತೆಗೆಯಲು ಹೋದಾಗ ಹಕ್ಕಿ ಎರಗಿ, ಅವರು ಎಡಗಣ್ಣನ್ನು ಕಳೆದುಕೊಂಡರು. ಗೂಬೆಯ ರೆಕ್ಕೆಯ ಮುಂಚೂಣಿ ಗರಿಯಂಚಿನಲ್ಲಿ ಬಾಚಣಿಗೆಯ ಹಲ್ಲಿನಂಥ ಎಳೆಗಳೂ, ಹಿಂದಿನ ಅಂಚಿನಲ್ಲಿ ಮೃದುವಾದ ಕುಚ್ಚೂ ಇರುವುದರಿಂದ ಅದು ಬರುವ ಸದ್ದು ಕೇಳಿಸುವುದೇ ಇಲ್ಲ. ಅದೇ ಬ್ರಿಟನ್ನಿನಲ್ಲಿ 1981ರ ಕಾಯಿದೆಯ ಪ್ರಕಾರ ಗೂಡಿನಲ್ಲಿರುವ ಕಣಜ ಗೂಬೆಗೆ ಅಡಚಣೆಯಾಗುವಂತೆ ಚಿತ್ರ ತೆಗೆಯಲು ಪರವಾನಗಿ ಬೇಕು. ಪರವಾನಗಿಯ ನಿಯಮ ಇರಲಿ, ಇಲ್ಲದಿರಲಿ, ಪೊಟರೆಯ ಮುಂದಿನ ಕೊಂಬೆಯನ್ನು ಕತ್ತರಿಸುವುದಾಗಲಿ, ಎಲೆಯನ್ನು ಕಟ್ಟಿ ಸರಿಸುವುದಾಗಲಿ ಮಾಡಬಾರದು. ನಮ್ಮ ಲೆನ್ಸಿಗೆ ಅಡ್ಡವಾಗುವ ಎಲೆಯೇ ಕಾಗೆಯ ಕಣ್ಣಿಗೂ ಅಡ್ಡವಾಗಿರುತ್ತದೆ.

ಇಲಿಯನ್ನು ಕಟ್ಟಿಹಾಕಿಯೋ ಬಿಟ್ಟೋ ಗೂಬೆಯನ್ನು ಬಳಿಗೆ ಕರೆಸುವ ಪದ್ಧತಿ ಕೆಲವರಲ್ಲಿದೆ. ಹಾಗೆ ತಿಂದು ರೂಢಿಯಾದ ಹಕ್ಕಿ ಮನುಷ್ಯರ ಹತ್ತಿರಕ್ಕೆ, ರಸ್ತೆಯ ಬದಿಗೆ ಬರತೊಡಗಿ ವಾಹನಗಳಿಗೆ ಸಿಕ್ಕಿಕೊಳ್ಳುತ್ತದೆ. ಮರಿಗಳು ಹಾರಲು ಕಲಿಯುವ ಮುನ್ನವೇ ಗೂಡಿನಿಂದ ಕೊಂಬೆಗೆ, ಕೆಲವೊಮ್ಮೆ ನೆಲಕ್ಕೆ ಬರುವುದು ಹಲವು ಗೂಬೆಗಳಲ್ಲಿ ಸಹಜ; ಗಾಯವಾಗಿಲ್ಲವೆಂದಾದರೆ ಅವನ್ನು ಎತ್ತಿಕೊಂಡು ಹೋಗಬಾರದು, ತಾಯಿತಂದೆ ಹತ್ತಿರದಲ್ಲೇ ಇರುತ್ತವೆ.

ಚಿತ್ರವನ್ನು ಹಂಚಿಕೊಳ್ಳುವಾಗ ಜಾಗವನ್ನು ಬರೆಯಬೇಡಿ, ಫೈಲಿನೊಳಗೆ ಸೇರಿಕೊಂಡಿರುವ ಜಿಪಿಎಸ್ ಮಾಹಿತಿಯನ್ನೂ ಅಳಿಸಿ. ಹಕ್ಕಿ ವೀಕ್ಷಕರ ದಾಖಲೆಗಳನ್ನು ಸಂಗ್ರಹಿಸುವ ಇ-ಬರ್ಡ್ ತಾಣ ಅಪಾಯದಲ್ಲಿರುವ ಕೆಲವು ಗೂಬೆಗಳ ನಿಖರ ಸ್ಥಳವನ್ನು ಸಾರ್ವಜನಿಕರಿಗೆ ತೋರಿಸುವುದಿಲ್ಲ. ಇರುಳೆಣಿಕೆಯವರು ಹೇಳಿದ ಪ್ರಾಮಾಣಿಕ ದಾಖಲೆಗೆ ಇದು ವಿರುದ್ಧವಲ್ಲ. ದಾಖಲೆ ನಿಮ್ಮ ಪುಸ್ತಕದಲ್ಲಿಯೂ ಸಂಶೋಧಕರ ಬಳಿಯೂ ಪೂರ್ಣವಾಗಿಯೇ ಇರಲಿ.

ಸಂಜೆಗಣ್ಣು:

ನಾಲ್ಕು ವಾರಗಳ ನಂತರ ಬರೆಯುತ್ತಿದ್ದೇನೆ. ನಿಮ್ಮೆಲ್ಲರಿಗೂ ಮನಃಪೂರ್ವಕ ವಂದನೆಗಳು. ಹತ್ತು ದಿನ ಆ ಕಡೆ ಹೋಗಲಿಲ್ಲ. ಆಮೇಲೆ ಮೂರು ಸಂಜೆ ದುರ್ಬೀನು ಮತ್ತು ಪುಸ್ತಕವನ್ನು ಮಾತ್ರ ಹಿಡಿದು, 60 ಹೆಜ್ಜೆ ದೂರದ ಪೊದೆಯ ಬುಡದಲ್ಲಿ ಕುಳಿತೆ. ಮೊದಲ ಸಂಜೆ ಸೂರ್ಯ ಮುಳುಗಿ 20 ನಿಮಿಷಗಳ ಮೇಲೆ, ಮೂರನೆಯ ಸಂಜೆ ಮುಳುಗುವುದಕ್ಕೆ ಮೊದಲೇ ಒಂದು ಹಕ್ಕಿ ಹೊರಬಂತು. ದಿನವೂ ಅದು ಮೊದಲು ಹಾರುವುದು ಎಡಗಡೆಯ ಒಣಗಿದ ಕೊಂಬೆಗೆ. ಐದನೆಯ ಸಂಜೆ ಟ್ರೈಪಾಡನ್ನು ತೆಗೆದುಕೊಂಡು ಹೋಗಿ, ಮೊದಲೇ ಆ ಕೊಂಬೆಗೆ ಫೋಕಸ್ ಮಾಡಿಟ್ಟು ಕಾದೆ. 1/30ರಲ್ಲಿ ತೆಗೆದ ಚಿತ್ರಗಳಲ್ಲಿ ಹೆಚ್ಚಿನವು ತುಸು ಅಲುಗಿವೆ. ಒಂದರಲ್ಲಿ ಮಾತ್ರ ಎಲ್ಲವೂ ಕೂಡಿಬಂದಿದೆ: ಹಕ್ಕಿ ಚಿಕ್ಕದಾಗಿದೆ, ಕಣ್ಣು ಅರ್ಧ ಮುಚ್ಚಿದೆ, ಕಾಲೊಂದನ್ನು ಎತ್ತಿ ಕೆನ್ನೆ ಕೆರೆದುಕೊಳ್ಳುತ್ತಿದೆ, ಹಿಂದೆ ಬಾನಿನಲ್ಲಿ ನೀಲಿ ಇನ್ನೂ ಉಳಿದಿದೆ.

ಒಂದು ಸಂದೇಹ. ಈಗ ಒಂದೇ ಹಕ್ಕಿ ಹೊರಬರುತ್ತದೆ, ಮತ್ತೆ ಮತ್ತೆ ಹುಳುಗಳನ್ನು ಹಿಡಿದು ಪೊಟರೆಗೆ ತರುತ್ತದೆ. ಅದು ಬಂದಾಗಲೆಲ್ಲ ಒಳಗಿನಿಂದ ಸೀಟಿಯಂಥ, ಗೊರಗೊರ ಎನ್ನುವ ಸಣ್ಣ ಸದ್ದು ಕೇಳಿಸುತ್ತದೆ. ಇದೇನಿರಬಹುದು?

ಇರುಳೆಣಿಕೆ:

ಮರಿಗಳು ಊಟ ಕೇಳುತ್ತಿವೆ. ಹೆಣ್ಣು ಒಳಗೇ ಇರಬೇಕು. ಮೊಟ್ಟೆಯೊಡೆದ ಮರಿಗಳು ಪೊಟರೆ ಬಿಡಲು ಸುಮಾರು ಒಂದು ತಿಂಗಳು ಬೇಕಾಗುತ್ತದೆ. ಅಲ್ಲಿಯವರೆಗೆ 60 ಹೆಜ್ಜೆಯಿಂದ ಒಂದು ಹೆಜ್ಜೆಯೂ ಮುಂದೆ ಹೋಗಬೇಡಿ, ವಾರಕ್ಕೆ ಒಂದೆರಡು ಸಂಜೆಗಿಂತ ಹೆಚ್ಚು ಕೂರಬೇಡಿ. ಗಂಡು ಎಷ್ಟು ಹೊತ್ತಿಗೊಮ್ಮೆ ಮರಳುತ್ತದೆ ಎಂಬುದನ್ನು ಗಡಿಯಾರ ನೋಡಿ ಬರೆದುಕೊಳ್ಳಿ, ಆ ಟಿಪ್ಪಣಿಯನ್ನು ಓದಲು ನಾನು ಕಾದಿರುತ್ತೇನೆ.